ನೀರಿನಿಂದ ಕಾರು ಓಡುತ್ತದಂತೆ, ಬ್ಯಾಟರಿ ಗಾಡಿ ಯಾಕೆ?

ಪ್ರಶ್ನೆ: ಹೈಡ್ರೋಜನ್ ಕಾರು ಇನ್ನೇನು ಬಂದೇಬಿಡುತ್ತದಂತೆ, ನೀರಿನಿಂದಲೇ ಓಡುತ್ತದಂತೆ. ಈಗ ಬ್ಯಾಟರಿ ಕಾರಿಗೆ ದುಡ್ಡು ಸುರಿಯೋದು ದಂಡ ಅಲ್ವಾ? ಎರಡು ವರ್ಷ ಕಾಯೋಣವಾ?

ಕಾಯಬೇಡಿ. ರಾತ್ರಿ ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಪ್ಲಗ್ ಪಾಯಿಂಟ್ ಸಿಗುವುದಾದರೆ ಬ್ಯಾಟರಿ ಕಾರು ತೆಗೆದುಕೊಳ್ಳಿ. ಸಿಗದಿದ್ದರೆ ಸದ್ಯಕ್ಕೆ ಪೆಟ್ರೋಲಿನಲ್ಲೇ ಇರಿ. ಈ ಲೆಕ್ಕದಲ್ಲಿ ಹೈಡ್ರೋಜನ್ ಬರುವುದೇ ಇಲ್ಲ. ಉತ್ತರ ಇಷ್ಟೇ, ಆದರೆ ಇಷ್ಟಕ್ಕೇ ಬಿಟ್ಟರೆ ಮುಂದಿನ ತಿಂಗಳು ಇದೇ ಪ್ರಶ್ನೆ ಮತ್ತೆ ಬರುತ್ತದೆ. ಅದರ ಬೇರು ಇರುವುದು 'ನೀರಿನಿಂದಲೇ' ಎನ್ನುವ ಮಾತಿನಲ್ಲಿ.

ಹತ್ತನೇ ತರಗತಿಯ ಪ್ರಯೋಗ ನೆನಪಿಸಿಕೊಳ್ಳಿ. ಪ್ಲಾಸ್ಟಿಕ್ ಮಗ್ಗಿನ ತಳದಲ್ಲಿ ಎರಡು ರಬ್ಬರ್ ಬಿರಡೆ, ಅವುಗಳಲ್ಲಿ ಎರಡು ಕಾರ್ಬನ್ ಕಡ್ಡಿ, ಮೇಲೆ ನೀರು, ನಾಲ್ಕು ಹನಿ ಆಸಿಡ್, ಬೋರಲು ಹಾಕಿದ ಎರಡು ಪ್ರನಾಳ. ಒಂದರಲ್ಲಿ ಆಮ್ಲಜನಕ, ಇನ್ನೊಂದರಲ್ಲಿ ಅದರ ಎರಡರಷ್ಟು ಜಲಜನಕ, ಅಂದರೆ ಹೈಡ್ರೋಜನ್. ಆ ಗುಳ್ಳೆಗಳು ಎಲ್ಲರಿಗೂ ನೆನಪಿವೆ. ಮಗ್ಗಿನ ಕೆಳಗೆ ಜೋಡಿಸಿದ್ದ 6 ವೋಲ್ಟಿನ ಬ್ಯಾಟರಿ ಮಾತ್ರ ಯಾರಿಗೂ ನೆನಪಿಲ್ಲ. ಬ್ಯಾಟರಿ ಕಳಚಿದ ಮರುಕ್ಷಣವೇ ಗುಳ್ಳೆ ನಿಲ್ಲುತ್ತದೆ. ಅನಿಲದಲ್ಲಿರುವ ಶಕ್ತಿಯೆಲ್ಲ ಬಂದದ್ದು ಬ್ಯಾಟರಿಯಿಂದ, ನೀರಿನದು ಏನೂ ಇಲ್ಲ.

ಜಲಜನಕ ಎಂದರೆ ನೀರನ್ನು ಹುಟ್ಟಿಸುವುದು. ಅದು ಉರಿದರೆ ನೀರಾಗುತ್ತದೆ, ಕಟ್ಟಿಗೆ ಉರಿದು ಬೂದಿಯಾಗುವ ಹಾಗೆ. ಅಂದರೆ ನೀರು ಜಲಜನಕದ ಬೂದಿ. ಅದು ಒಮ್ಮೆ ಉರಿದು ಮುಗಿದ ಮಾಲು. ಒಲೆಯ ಬೂದಿ ಗೋರಿ ಮತ್ತೆ ಅನ್ನ ಬೇಯಿಸಲು ಹೊರಟವನನ್ನು ನೋಡಿ ನಗುತ್ತೇವೆ, ನೀರಿನ ಕಾರು ಎಂದರೆ ಮಾತ್ರ ಕಣ್ಣರಳಿಸುತ್ತೇವೆ.

ಇನ್ನು ದುಡ್ಡಿನ ಲೆಕ್ಕ. ನೀರು ಒಡೆದು ಒಂದು ಕಿಲೋ ಜಲಜನಕ ತೆಗೆಯಲು 50ರಿಂದ 55 ಯೂನಿಟ್ ಕರೆಂಟ್ ಬೇಕು. ಅದನ್ನು ಕಾರಿನ ಟ್ಯಾಂಕಿಗೆ ತುಂಬಲು 700 ಬಾರ್ ಒತ್ತಡಕ್ಕೆ ಅದುಮಬೇಕು (ಸಿಎನ್‌ಜಿಗೆ 200 ಬಾರ್ ಸಾಕು, ನಿಮ್ಮ ಟಯರಿಗೆ ಎರಡು ಚಿಲ್ಲರೆ), ತುಂಬುವಾಗ ಟ್ಯಾಂಕ್ ಕಾಯದಂತೆ ಅನಿಲವನ್ನು ಮೈನಸ್ 40 ಡಿಗ್ರಿವರೆಗೆ ತಂಪು ಮಾಡಬೇಕು. ಎಲ್ಲ ಸೇರಿ 60 ಯೂನಿಟ್ ಎನ್ನೋಣ. ಆ ಒಂದು ಕಿಲೋದಲ್ಲಿ ಉಳಿದಿರುವುದು 33 ಯೂನಿಟ್‌ನಷ್ಟು ಶಕ್ತಿ. ಕಾರಿನೊಳಗೆ ಜಲಜನಕದಿಂದ ಕರೆಂಟ್ ತೆಗೆಯುವ ಫ್ಯೂಯಲ್ ಸೆಲ್ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಕರೆಂಟ್ ಮಾಡಿ, ಮಿಕ್ಕಿದ್ದನ್ನು ರೇಡಿಯೇಟರಿನಲ್ಲಿ ಬಿಸಿಗಾಳಿಯಾಗಿ ಬಿಡುತ್ತದೆ. ಇಷ್ಟಾಗಿ ಕಾರು ಓಡುವುದು ಸುಮಾರು 100 ಕಿಲೋಮೀಟರ್. ಅಷ್ಟೇ ದೂರಕ್ಕೆ ಬ್ಯಾಟರಿ ಕಾರು ಗೋಡೆಯ ಪ್ಲಗ್ಗಿನಿಂದ ಎಳೆಯುವುದು 15 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಇಲ್ಲಿ 105 ರೂಪಾಯಿ, ಅಲ್ಲಿ 420. ಅದೂ ಬರೀ ಕರೆಂಟಿನ ಖರ್ಚು. ಯಂತ್ರ, ಲಾರಿ, ಬಂಕಿನವನ ಲಾಭ ಇನ್ನೂ ಸೇರಿಲ್ಲ.

'ಮುಂದೆ ತಂತ್ರಜ್ಞಾನ ಸುಧಾರಿಸುತ್ತದಲ್ಲ' ಅನ್ನುವವರಿದ್ದಾರೆ. ಸುಧಾರಿಸಲಿ. ಒಂದು ಕಿಲೋ ಜಲಜನಕಕ್ಕಾಗಿ ನೀರನ್ನು ಒಡೆಯಲು ಕರೆಂಟ್, ಶಾಖ ಸೇರಿ ಕನಿಷ್ಠ 39 ಯೂನಿಟ್ ಶಕ್ತಿ ಕೊಡಲೇಬೇಕು. ಅದು ಪ್ರಕೃತಿ ಹಾಕಿದ ರೇಟು, ಅದರಲ್ಲಿ ಚೌಕಾಸಿ ನಡೆಯುವುದಿಲ್ಲ.

ಇದೇ ಮೂಢನಂಬಿಕೆಯ ತಮ್ಮ ಎಚ್‌ಎಚ್‌ಒ ಕಿಟ್. ಬಾನೆಟ್ ಒಳಗೆ ಒಂದು ನೀರಿನ ಡಬ್ಬಿ, ಅದಕ್ಕೆ ಗಾಡಿಯ 12 ವೋಲ್ಟ್ ವೈರು, ಒಡೆದ ನೀರಿನ ಅನಿಲ ನೇರ ಎಂಜಿನ್ನಿಗೆ, 'ಮೈಲೇಜ್ ದುಪ್ಪಟ್ಟು' ಎಂಬ ಮಾತು. ಆರು ಸೆಲ್ಲಿನ ಡಬ್ಬಿಗೆ ಗಂಟೆಯಿಡೀ 10 ಆಂಪಿಯರ್ ಹರಿಸಿದರೆ ಬರುವ ಜಲಜನಕ ಎರಡೂಕಾಲು ಗ್ರಾಂ, ಅದರಲ್ಲಿರುವುದು ಸುಮಾರು 75 ವ್ಯಾಟ್-ಅವರ್ ಶಕ್ತಿ. ಆ ಕರೆಂಟ್ ಕೊಡಲು ಆಲ್ಟರ್ನೇಟರ್ ತಿರುಗಬೇಕು, ಅದನ್ನು ತಿರುಗಿಸಲು ಎಂಜಿನ್ ಸುಡುವ ಪೆಟ್ರೋಲ್ 800 ವ್ಯಾಟ್-ಅವರ್‌ಗೂ ಮೇಲೆ. ಎಂಟು ನೂರು ಕೊಟ್ಟು ಎಪ್ಪತ್ತೈದು ತರುವ ವ್ಯಾಪಾರ. ಇಂಥ ಕಿಟ್ ಹಾಕಿಸಿಕೊಂಡವರು ಮೈಲೇಜ್ ಹೆಚ್ಚಾಯಿತು ಎಂದರೆ, ಕಿಟ್ ಹಾಕಿಸಿದ ಮೇಲೆ ಹದವಾಗಿ ಓಡಿಸುತ್ತಿದ್ದಾರೆ ಎಂದರ್ಥ.

ಹಾಗಂತ ಹೈಡ್ರೋಜನ್ ಕಾರು ಸುಳ್ಳಲ್ಲ. 2022ರ ಮಾರ್ಚ್‌ನಲ್ಲಿ ಸಚಿವ ನಿತಿನ್ ಗಡ್ಕರಿ ಸಂಸತ್ತಿಗೆ ಬಂದದ್ದು ಟೊಯೋಟಾ ಮಿರಾಯ್ ಎಂಬ ಅಂಥದ್ದೇ ಕಾರಿನಲ್ಲಿ. 5.6 ಕಿಲೋ ಅನಿಲ, ಐದು ನಿಮಿಷದಲ್ಲಿ ಟ್ಯಾಂಕ್ ಭರ್ತಿ, ಅಮೆರಿಕದ ಪರೀಕ್ಷೆಯಲ್ಲಿ 640 ಕಿಲೋಮೀಟರ್ ದಾಟಿದ ರೇಂಜ್. ಅದೂ ಎಲೆಕ್ಟ್ರಿಕ್ ಕಾರೇ. ಚಕ್ರ ತಿರುಗಿಸುವುದು ಮೋಟರ್, ಒಳಗೆ ಒಂದು ಪುಟ್ಟ ಲಿಥಿಯಂ ಬ್ಯಾಟರಿಯೂ ಇದೆ. ತೊಡಕಿರುವುದು ಬಂಕಿನಲ್ಲಿ. ಇನ್ನೂರು ಬಾರ್‌ನ ಉಕ್ಕಿನ ಸಿಲಿಂಡರ್ ಹೊತ್ತ ದೊಡ್ಡ ಟ್ರೇಲರ್ ತರುವುದು ಸುಮಾರು 300 ಕಿಲೋ ಜಲಜನಕ, ಐವತ್ತು ಚಿಲ್ಲರೆ ಕಾರಿಗೆ ಆಗುವಷ್ಟು. ಶುದ್ಧತೆ 99.97 ಶೇಕಡಾ ಇರಬೇಕು. ಕಾರ್ಬನ್ ಮೊನಾಕ್ಸೈಡ್ ಹತ್ತು ಲಕ್ಷದಲ್ಲಿ 0.2 ಭಾಗ ಮೀರಿದರೂ ಫ್ಯೂಯಲ್ ಸೆಲ್ಲಿನ ಒಳಗಿನ ಪ್ಲಾಟಿನಂ ಮಂಕಾಗುತ್ತದೆ. ಸಾಲಾಗಿ ಕೆಲವು ಕಾರು ತುಂಬಿದರೆ ಕಂಪ್ರೆಸರ್ ಮತ್ತೆ ಒತ್ತಡ ಏರಿಸುವವರೆಗೆ ಮುಂದಿನವರು ಕಾಯಬೇಕು. ಇಷ್ಟೆಲ್ಲ ಕಟ್ಟಿಕೊಂಡಿದ್ದ ಕ್ಯಾಲಿಫೋರ್ನಿಯಾದಲ್ಲೇ ಕಿಲೋ ಬೆಲೆ 2023ರಲ್ಲಿ 36 ಡಾಲರ್ ಮುಟ್ಟಿತು, ಶೆಲ್ ಕಂಪನಿ 2024ರಲ್ಲಿ ಅಲ್ಲಿನ ತನ್ನ ಕಾರು ಬಂಕ್‌ಗಳನ್ನು ಮುಚ್ಚಿತು. ಬೆಂಗಳೂರಿನಲ್ಲಂತೂ ಸಾರ್ವಜನಿಕ ಹೈಡ್ರೋಜನ್ ಬಂಕ್ ಒಂದೂ ಇಲ್ಲ.

ಕೇಂದ್ರದ 19,744 ಕೋಟಿಯ ಹಸಿರು ಹೈಡ್ರೋಜನ್ ಮಿಷನ್ ಹಾಗಾದರೆ ಯಾಕೆ? ಮಂಗಳೂರಿನ ರಿಫೈನರಿಯಲ್ಲಿ ಡೀಸೆಲಿನ ಗಂಧಕ ತೆಗೆಯಲು, ಯೂರಿಯಾಕ್ಕೆ ಬೇಕಾದ ಅಮೋನಿಯಾ ಮಾಡಲು ಜಲಜನಕವೇ ಬೇಕು, ಬ್ಯಾಟರಿ ಅಲ್ಲಿ ಕೆಲಸಕ್ಕೆ ಬಾರದು. ಮೊದಲು ಅಲ್ಲಿಗೆ ಸಲ್ಲಲಿ.

ನೀವು ಕೇಳಬೇಕಿದ್ದದ್ದು ಪ್ಲಗ್ ಪಾಯಿಂಟ್ ಬಗ್ಗೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತೂ ನಿಂತೂ ದಿನಕ್ಕೆ 40 ಕಿಲೋಮೀಟರ್ ಓಡಿಸುವವರಿಗೆ ಬೇಕಾದ್ದು 6 ಯೂನಿಟ್. ಗೀಸರಿಗೆ ಹಾಕುವಂಥ 16 ಆಂಪಿಯರ್ ಪ್ಲಗ್ಗಿನಲ್ಲಿ ಎರಡು ಗಂಟೆ. ಗೀಸರ್ ಹತ್ತು ನಿಮಿಷಕ್ಕೆ ಆಫ್ ಆಗುತ್ತದೆ, ಖಾಲಿ ಬ್ಯಾಟರಿಯ ಕಾರು ರಾತ್ರಿಯಿಡೀ ಎಳೆಯುತ್ತದೆ. ಎಡವಟ್ಟಾಗುವುದು ಇಲ್ಲೇ. ಮೀಟರ್ ರೂಮಿನಿಂದ ಪಾರ್ಕಿಂಗಿಗೆ 50 ಮೀಟರ್ ಇದ್ದು, ಎಲೆಕ್ಟ್ರಿಷಿಯನ್ 2.5 ಸ್ಕ್ವೇರ್ ಎಂಎಂ ವೈರ್ ಎಳೆದರೆ ಪೂರ್ತಿ ಲೋಡಿನಲ್ಲಿ ದಾರಿಯಲ್ಲೇ 12 ವೋಲ್ಟ್ ಇಳಿಯುತ್ತದೆ, 190 ವ್ಯಾಟ್ ಪೈಪಿನೊಳಗೆ ಶಾಖವಾಗುತ್ತದೆ. 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿಸಿ. 20 ಆಂಪಿಯರ್ ಎಂಸಿಬಿ (ಲೋಡ್ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್), ಕಾರಿಗೆಂದೇ ಪ್ರತ್ಯೇಕ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್), ಟೈಪ್ ಎ ಎಂಬ ಬಗೆಯದು. ಎಕ್ಸ್‌ಟೆನ್ಶನ್ ಬಾಕ್ಸ್ ಖಂಡಿತ ಬೇಡ. ಚಾರ್ಜರಿನಲ್ಲಿ ಕೆಂಪು ದೀಪ ಬಂದರೆ ಕಾರನ್ನು ಬೈಯುವ ಮೊದಲು ಅರ್ಥಿಂಗ್ ನೋಡಿಸಿ. ಹಳೆ ಕಟ್ಟಡಗಳಲ್ಲಿ ಮೂರನೇ ತೂತು ಎಷ್ಟೋ ಸಲ ಬರೀ ಅಲಂಕಾರಕ್ಕೆ. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 3 ವೋಲ್ಟ್ ಒಳಗಿದ್ದರೆ ಒಳ್ಳೆಯದು.

ಪ್ಲಗ್ಗನ್ನು ನೆಲದಿಂದ ನಾಲ್ಕಡಿ ಮೇಲೆ ಕೂರಿಸಿ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು ಕಡೆಯ ಬೇಸ್‌ಮೆಂಟುಗಳು ನೀರು ತುಂಬಿ ಏನಾದವು ಗೊತ್ತಲ್ಲ, ನಮ್ಮೂರಲ್ಲಿ ನೀರಿಗೂ ಕಾರಿಗೂ ಇರುವ ಸಂಬಂಧ ಅಷ್ಟೇ. ಮೊದಲ ಸಲ ಚಾರ್ಜಿಗೆ ಹಾಕಿದಾಗ ಒಂದು ಗಂಟೆ ಬಿಟ್ಟು ಹೋಗಿ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಎಂಸಿಬಿ ಇಳಿಸಿ, ಹೆಚ್ಚಾಗಿ ಒಳಗಿನ ಸ್ಕ್ರೂ ಸಡಿಲಾಗಿರುತ್ತದೆ, ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಬಿಗಿ ಮಾಡಿಸಿದ ಮೇಲೆಯೇ ಮತ್ತೆ ಹಾಕಿ.