ಕಬ್ಬಿಣದ ಮಾತ್ರೆ, ಬೆಳಗಿನ ಕಾಫಿ
ಗರ್ಭಿಣಿಯರಿಗೆ ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 11 ಗ್ರಾಂ (ಪ್ರತಿ 100 ಮಿ.ಲೀ.ಗೆ) ಇರಬೇಕು. ನನ್ನ ಹತ್ತಿರ ತಪಾಸಣೆಗೆ ಬರುತ್ತಿದ್ದ ಒಬ್ಬಳಿಗೆ 8.6 ಇತ್ತು. ಕಾಫಿ ತೋಟದ ಕೆಲಸಗಾರರ ಲೈನ್ ಮನೆಯವಳು, ಆರು ತಿಂಗಳು ತುಂಬಿತ್ತು. "ಮಾತ್ರೆ ತಗೋತಿದ್ದೀಯಾ?" ಎಂದರೆ, "ಒಂದಿನಾನೂ ಬಿಟ್ಟಿಲ್ಲ ಮೇಡಂ" ಎನ್ನುತ್ತಿದ್ದಳು. ಎರಡು ಸಲ ನಾನೂ "ಸೊಪ್ಪು ಜಾಸ್ತಿ ತಿನ್ನು" ಎಂದು ಸುಮ್ನೆ ಕಳಿಸಿದ್ದೆ.

ಮೂರನೇ ಸಲ ಬೇರೆ ಥರ ಕೇಳಿದೆ. "ನಿನ್ನೆ ಮಾತ್ರೆ ಹೇಗೆ ನುಂಗಿದೆ, ಹೇಳು ನೋಡೋಣ."

"ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ, ಕಾಫಿ ಜೊತೆ. ಬರೀ ನೀರಲ್ಲಿ ನುಂಗಿದ್ರೆ ವಾಂತಿ ಬಂದಂಗಾಗತ್ತೆ."

ಅವಳು ಸುಳ್ಳು ಹೇಳಿರಲಿಲ್ಲ. ನಾನು ಸರಿಯಾಗಿ ಕೇಳಿರಲಿಲ್ಲ, ಅಷ್ಟೇ. ಕಾಫಿ, ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಮೈಗೆ ಹತ್ತುವುದು ಸ್ವಲ್ಪವೇ. ಹಾಗಂತ ಕಾಫಿ ಬಿಡು ಅಂದಿದ್ದರೆ ಮಾತ್ರೆಯನ್ನೇ ಬಿಡುತ್ತಿದ್ದಳೇನೋ! ರಾತ್ರಿ ಊಟ ಆದ ಮೇಲೆ, ಒಂದು ಲೋಟ ನಿಂಬೆ ನೀರಿನ ಜೊತೆ ತಗೋ ಎಂದೆ. ಊಟದ ಮೇಲಾದರೆ ವಾಕರಿಕೆ ಕಡಿಮೆ. ನಿಂಬೆಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಕ್ಯಾಲ್ಸಿಯಂ ಮಾತ್ರೆ ಇದರ ಜೊತೆ ಬೇಡ, ಅದನ್ನು ಬೆಳಿಗ್ಗೆ ತಿಂಡಿ ಜೊತೆ.

ಅವಳ ಅತ್ತೆಯ ಚಿಂತೆಯೇ ಬೇರೆ. ಮಾತ್ರೆ ತಗೊಂಡರೆ ಮಲ ಕಪ್ಪಗಾಗುತ್ತಲ್ಲ, ಮಗುವೂ ಕಪ್ಪಾದರೆ? ಮಗು ದಪ್ಪ ಆಗಿ ಹೆರಿಗೆ ಕಷ್ಟವಾದರೆ? ಅವರ ಮುಂದೆ 8.6, 11 ಎಂದು ಲೆಕ್ಕ ಹೇಳಿ ಏನು ಪ್ರಯೋಜನ? "ಕಪ್ಪಗಾಗೋದು ಹೊಟ್ಟೆಯಲ್ಲಿ ಉಳಿದ ಕಬ್ಬಿಣದಿಂದ ಅಮ್ಮಾ, ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ" ಎಂದೆ. ಹೆರಿಗೆಯಲ್ಲಿ ರಕ್ತ ಹೋದಾಗ, ಮೊದಲೇ ರಕ್ತ ಕಡಿಮೆ ಇದ್ದವಳು ತಡೆದುಕೊಳ್ಳಲಾರಳು ಎಂದೂ ಹೇಳಿದೆ. ಅದನ್ನು ವಿವರಿಸಬೇಕಾಗಲೇ ಇಲ್ಲ. ಅವರು ಕಣ್ಣಾರೆ ಕಂಡಿದ್ದರು.

ಹೈಸ್ಕೂಲಿನ ಹುಡುಗಿಯರಿಗೂ ಕಬ್ಬಿಣದ ಮಾತ್ರೆ ಕೊಡುತ್ತೇವೆ, ಆದರೆ ಅಲ್ಲಿ ಈ ಮಾತು ಯಾವುದೂ ನಡೆಯುವುದಿಲ್ಲ. 'ನಾಳಿನ ತಾಯಂದಿರೇ' ಎಂದು ಶುರು ಮಾಡಿದರೆ ಹದಿನಾಲ್ಕರ ಹುಡುಗಿಯರು ಮುಸಿಮುಸಿ ನಗುತ್ತಾರೆ. ನಗಲೇಬೇಕು, ಅಲ್ವಾ? ಖೋಖೋ ಆಡುವಾಗ ಯಾರಿಗೆ ಬೇಗ ಏದುಸಿರು ಬರುತ್ತದೆ ಎಂದು ಕೇಳಿದೆ. ಅರ್ಧ ಕ್ಲಾಸು ಕೈ ಎತ್ತಿತು. ರಕ್ತ ಕಡಿಮೆ ಇದ್ದರೂ ಹಾಗಾಗುತ್ತದೆ ಎಂದೆ. ಆಮೇಲೆ ಪ್ರಶ್ನೆಗಳು ಅವರಿಂದಲೇ ಬಂದವು. ಮುಟ್ಟಾದಾಗ ತಗೋಬಹುದಾ? ತಗೋಬಹುದು. ಹೊಟ್ಟೆ ತೊಳಸಿದರೆ? ಬಿಸಿಯೂಟ ಆದ ಮೇಲೆ ತಗೊಳ್ಳಿ.

"ಮನೇಲಿ ಅಕ್ಕಂಗೆ ಕೆಂಪು ಮಾತ್ರೆ ಕೊಟ್ಟಿದಾರೆ, ನಮಗ್ಯಾಕೆ ನೀಲಿ?" ಎಂದಳು ಹಿಂದಿನ ಬೆಂಚಿನ ಹುಡುಗಿ. ಒಳಗಿರುವುದು ಒಂದೇ, 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಎಂಬ ವಿಟಮಿನ್. ಬಸುರಿ ಅಕ್ಕನಿಗೆ ದಿನಕ್ಕೊಂದು, ನಿಮಗೆ ವಾರಕ್ಕೊಂದು ಎಂದೆ.