ಬ್ಯಾಕ್ಟೀರಿಯಾಗಳಿಂದ ಬೆಳ್ಳಿ ಮತ್ತು ಚಿನ್ನದ ನ್ಯಾನೊಕಣಗಳು: ಅಧ್ಯಯನ ಟಿಪ್ಪಣಿ

ನೀರಿನಲ್ಲಿ ಕರಗಿದ ಬೆಳ್ಳಿಯ ಅಯಾನು (ಇಲೆಕ್ಟ್ರಾನೊಂದನ್ನು ಕಳೆದುಕೊಂಡ ಪರಮಾಣು) ಬ್ಯಾಕ್ಟೀರಿಯಾಗಳಿಗೆ ವಿಷ. ಕಿಣ್ವಗಳಲ್ಲಿರುವ ಗಂಧಕದ ಗುಂಪುಗಳಿಗೆ ಅಂಟಿಕೊಂಡು ಅದು ಅವುಗಳ ಕೆಲಸವನ್ನೇ ಕೆಡಿಸುತ್ತದೆ. ಹೀಗಿರುವಾಗ ಬ್ಯಾಕ್ಟೀರಿಯಾ ಬೆಳ್ಳಿಯ ನ್ಯಾನೊಕಣಗಳನ್ನು, ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವಾದ ನ್ಯಾನೊಮೀಟರಿನಲ್ಲಿ ಅಳೆಯುವಷ್ಟು ಸಣ್ಣ ಕಣಗಳನ್ನು, ಕಟ್ಟುವುದೇಕೆ ಎಂಬ ಪ್ರಶ್ನೆಯಿಂದಲೇ ಈ ವಿಷಯವನ್ನು ಆರಂಭಿಸುವುದು ಒಳ್ಳೆಯದು. ಅಯಾನಿಗೆ ಒಂದು ಇಲೆಕ್ಟ್ರಾನು ದೊರೆತರೆ ಅದು ಕರಗದ ಲೋಹವಾಗುತ್ತದೆ, ವಿಷದ ತೀವ್ರತೆಯೂ ಕುಗ್ಗುತ್ತದೆ. ನಾವು ಉತ್ಪಾದನೆ ಎಂದು ಕರೆಯುವುದು ಎಷ್ಟೋ ವೇಳೆ ಆ ಜೀವಕೋಶ ತನ್ನನ್ನು ಉಳಿಸಿಕೊಳ್ಳುವ ಪ್ರಯತ್ನವಾಗಿರುತ್ತದೆ.

ಇದಕ್ಕೆ ಪ್ರಸಿದ್ಧ ಉದಾಹರಣೆ ಬೆಳ್ಳಿಯ ಗಣಿಯಿಂದ ಬೇರ್ಪಡಿಸಿದ ಸ್ಯೂಡೋಮೊನಾಸ್ ಸ್ಟುಟ್ಜೆರಿ ಎಜಿ259 ಎಂಬ ತಳಿ. 1999ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ತಳಿ ತನ್ನ ಒಳಪೊರೆ ಮತ್ತು ಹೊರಪೊರೆಗಳ ನಡುವಿನ ಪೆರಿಪ್ಲಾಸಂ ಅವಕಾಶದಲ್ಲಿ, ಹೆಚ್ಚಾಗಿ ಕೋಶದ ತುದಿಗಳಲ್ಲಿ, 200 ನ್ಯಾನೊಮೀಟರ್‌ವರೆಗಿನ ತ್ರಿಕೋನ ಹಾಗೂ ಷಟ್ಕೋನಾಕಾರದ ಬೆಳ್ಳಿಯ ಹರಳುಗಳನ್ನು ಶೇಖರಿಸುತ್ತದೆ. ಮಜ್ಜಿಗೆಯಲ್ಲಿ ಸಾಮಾನ್ಯವಾಗಿರುವ ಲ್ಯಾಕ್ಟೊಬ್ಯಾಸಿಲಸ್ ತಳಿಗಳೂ ಚಿನ್ನ ಮತ್ತು ಬೆಳ್ಳಿಯ ಹರಳುಗಳನ್ನು ಬೆಳೆಸಬಲ್ಲವೆಂದು ವಿಜ್ಞಾನಿಗಳಾದ ನಾಯರ್ ಮತ್ತು ಪ್ರದೀಪ್ 2002ರಲ್ಲಿ ತೋರಿಸಿದರು; ದಿನವೂ ನಮ್ಮ ಊಟದೊಡನೆ ಬರುವ ಜೀವಿಗೆ ಈ ಸಾಮರ್ಥ್ಯವಿರುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಕಣ ಎಲ್ಲಿ ಹುಟ್ಟುತ್ತದೆ ಎಂಬುದು ಮುಂದಿನ ಕೆಲಸವನ್ನೆಲ್ಲ ನಿರ್ಧರಿಸುತ್ತದೆ. ಕೋಶದೊಳಗೆ ಹುಟ್ಟಿದರೆ ಶ್ರವಣಾತೀತ ತರಂಗಗಳಿಂದಲೋ ಬೇರೆ ವಿಧಾನದಿಂದಲೋ ಕೋಶವನ್ನು ಒಡೆದು ಕಣಗಳನ್ನು ಶುದ್ಧೀಕರಿಸಬೇಕು. ಹೊರಗೆ ಹುಟ್ಟುವುದಾದರೆ, ಕೋಶಗಳನ್ನು ಸೆಂಟ್ರಿಫ್ಯೂಜಿನಲ್ಲಿ (ವೇಗವಾಗಿ ತಿರುಗಿಸುವ ಯಂತ್ರದಲ್ಲಿ) ಬೇರ್ಪಡಿಸಿ, ಮೇಲೆ ಉಳಿದ ತಿಳಿದ್ರವಕ್ಕೆ ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟ್ ಬೆರೆಸಿದರೆ ಸಾಕಾಗುತ್ತದೆ. ಅದರಲ್ಲಿರುವ ಕಿಣ್ವಗಳು ಅಯಾನನ್ನು ಅಪಕರ್ಷಿಸುತ್ತವೆ (ಅದಕ್ಕೆ ಇಲೆಕ್ಟ್ರಾನು ಕೊಡುತ್ತವೆ), ಪ್ರೋಟೀನುಗಳು ಕಣಗಳ ಮೇಲೆ ಹೊದಿಕೆಯಾಗಿ ಕುಳಿತು ಅವು ಗುಂಪುಗೂಡದಂತೆ ತಡೆಯುತ್ತವೆ. ಹಲವು ಪ್ರಭೇದಗಳಲ್ಲಿ ನೈಟ್ರೇಟನ್ನು ಅಪಕರ್ಷಿಸುವ ನೈಟ್ರೇಟ್ ರಿಡಕ್ಟೇಸ್ ಕಿಣ್ವದ ಪಾತ್ರವನ್ನು ಸೂಚಿಸಲಾಗಿದೆ. ಕ್ರಿಯೆ ನಡೆಯುವ ದ್ರವದ, ಅಂದರೆ ಮಾಧ್ಯಮದ, ಆಮ್ಲೀಯತೆಯೂ ಮುಖ್ಯ: ರೋಡೋಸ್ಯೂಡೋಮೊನಾಸ್ ಕ್ಯಾಪ್ಸುಲಾಟ ಎಂಬ ಬ್ಯಾಕ್ಟೀರಿಯಾ ಬಳಸಿದಾಗ ತಟಸ್ಥವಾದ ಪಿಎಚ್ 7ರಲ್ಲಿ 10ರಿಂದ 20 ನ್ಯಾನೊಮೀಟರ್‌ಗಳ ಚಿನ್ನದ ಗೋಲಾಕಾರದ ಕಣಗಳೂ, ಆಮ್ಲೀಯವಾದ ಪಿಎಚ್ 4ರಲ್ಲಿ ತ್ರಿಕೋನ ತಗಡುಗಳೂ ದೊರೆತವು.

ದ್ರಾವಣ ಹಳದಿಗಂದು ಬಣ್ಣಕ್ಕೆ ತಿರುಗಿ 420 ನ್ಯಾನೊಮೀಟರ್ ಆಸುಪಾಸಿನಲ್ಲಿ ಬೆಳಕನ್ನು ಹೀರಿದರೆ ಬೆಳ್ಳಿಯ ಕಣಗಳು ಮೂಡಿವೆಯೆಂದು ಭಾವಿಸಬಹುದು. ಆದರೆ ಇಲ್ಲಿಯೇ ಆತುರದ ತೀರ್ಮಾನಗಳು ನುಸುಳುತ್ತವೆ. ಯೀಸ್ಟ್ ಸಾರವಿರುವ ಪೋಷಕ ಮಾಧ್ಯಮವೇ ಬೆಳ್ಳಿಯನ್ನು ಅಪಕರ್ಷಿಸಬಲ್ಲದು, ಬೆಳಕೂ ಅದಕ್ಕೆ ನೆರವಾಗುತ್ತದೆ, ಮಾಧ್ಯಮದಲ್ಲಿ ಉಪ್ಪಿದ್ದರೆ ಸಿಲ್ವರ್ ಕ್ಲೋರೈಡ್ ಕರಗದ ಗಸಿಯಾಗಿ ಬೇರ್ಪಡುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾ ಹಾಕದ ಮಾಧ್ಯಮಕ್ಕೂ ಅಷ್ಟೇ ಸಿಲ್ವರ್ ನೈಟ್ರೇಟ್ ಬೆರೆಸಿದ ಫ್ಲಾಸ್ಕೊಂದನ್ನು ಅದೇ ಬೆಳಕು, ಅದೇ ಉಷ್ಣತೆಯಲ್ಲಿ ಪಕ್ಕದಲ್ಲಿ ಇಟ್ಟು, ಎರಡರ ಫಲಿತಾಂಶವನ್ನೂ ಹರಳಿನ ರಚನೆ ತಿಳಿಸುವ ಕ್ಷ-ಕಿರಣ ವಿವರ್ತನೆ ಮತ್ತು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಹೋಲಿಸಿದ ನಂತರವೇ ಕಣಗಳ ಹುಟ್ಟನ್ನು ಬ್ಯಾಕ್ಟೀರಿಯಾದ ಲೆಕ್ಕಕ್ಕೆ ಬರೆದುಕೊಳ್ಳಬೇಕು.