ಏಜೆಂಟ್ ಆರೆಂಜ್ ಮತ್ತು ಗೋಡೆ ಮೇಲೆ ಹೆಸರಿಲ್ಲದ ಸೈನಿಕರು

ವಿಯೆಟ್ನಾಂ ಯುದ್ಧದ ಚಾಪ್ಟರ್‌ನಲ್ಲಿ ಏಜೆಂಟ್ ಆರೆಂಜ್ ಅಂತ ಒಂದು ಸಾಲು ಬಂದು ಹೋಗುತ್ತೆ, ಪರೀಕ್ಷೆಗೆ ಅಷ್ಟೇ ಸಾಕು ಅಂತ ಬಿಟ್ಬಿಡ್ತೀವಿ, ಆದ್ರೆ ಅದನ್ನ ಸುರಿದ ಸೈನಿಕರಿಗೇ ಆಮೇಲೆ ಏನಾಯ್ತು ಅನ್ನೋದು ಗೊತ್ತಿರ್ಬೇಕು, ಅದಕ್ಕೇ ಬಿಡಿಸಿ ಬರೀತಿದೀನಿ.

ಮೊದ್ಲು ಹೆಸರು. ಕೆಮಿಕಲ್ ಬಣ್ಣ ಕಿತ್ತಳೆ ಅಲ್ಲ, ಅದನ್ನ ತುಂಬ್ತಿದ್ದ 208 ಲೀಟರಿನ ಡ್ರಮ್ಮಿನ ಸುತ್ತ ಕಿತ್ತಳೆ ಪಟ್ಟಿ ಬಳೀತಿದ್ರು, ಅಷ್ಟೇ. ಇದು ಕಳೆನಾಶಕ. ಕಾಡಿನ ಎಲೆ ಉದುರಿಸಿದ್ರೆ ಶತ್ರುಗೆ ಅಡಗೋಕೆ ಜಾಗ ಇರಲ್ಲ ಅನ್ನೋ ಲೆಕ್ಕ. 1962ರಿಂದ 1971ರವರೆಗೆ ಅಮೆರಿಕ ಅಲ್ಲಿ ಸುರಿದ ಕಳೆನಾಶಕ 7 ಕೋಟಿ ಲೀಟರಿಗೂ ಜಾಸ್ತಿ, ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ.

ಇದು 2,4-ಡಿ ಮತ್ತು 2,4,5-ಟಿ ಬೆರೆಸಿದ್ದು. ದೊಡ್ಡ ವಿಷ ಇವೆರಡೂ ಅಲ್ಲ, ಎರಡನೇದನ್ನ ತಯಾರಿಸೋವಾಗ ಹುಟ್ಕೊಳ್ಳೋ ಡಯಾಕ್ಸಿನ್. ಮೈಯ ಕೊಬ್ಬಲ್ಲಿ ಕೂತ್ರೆ ವರ್ಷಗಟ್ಟಲೆ ಹೋಗಲ್ಲ. ಸೈನಿಕ ಗಾಯ ಇಲ್ದೇ ಮನೆಗೆ ಬರ್ತಾನೆ, ಮದುವೆ ಆಗ್ತಾನೆ, ಎಷ್ಟೋ ವರ್ಷ ಆದ್ಮೇಲೆ ಕ್ಯಾನ್ಸರ್ ಅಂತಾರೆ. ಸರ್ಕಾರದ ಹತ್ರ ಪರಿಹಾರ ಕೇಳೋಕೆ ಹೋದ್ರೆ, ಇದು ಆ ಡ್ರಮ್ಮಿಂದಲೇ ಬಂತು ಅಂತ ಅವ್ನು ಎಲ್ಲಿಂದ ಸಾಕ್ಷಿ ತರ್ಬೇಕು ಹೇಳಿ?

ಇಲ್ಲೇ 1991ರ ಏಜೆಂಟ್ ಆರೆಂಜ್ ಕಾಯ್ದೆ ಮುಖ್ಯ, ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ. ನೀನು ವಿಯೆಟ್ನಾಂನಲ್ಲಿ ಸೇವೆ ಮಾಡಿದ್ದೆ, ಪಟ್ಟಿಯಲ್ಲಿರೋ ಕಾಯಿಲೆ ನಿಂಗೆ ಬಂದಿದೆ, ಹಾಗಿದ್ರೆ ಅದು ಸೇವೆಯಿಂದಲೇ ಬಂದಿದ್ದು ಅಂತ ಸರ್ಕಾರವೇ ಒಪ್ಕೊಳ್ಳುತ್ತೆ. ಸಾಬೀತು ಮಾಡೋ ಹೊರೆ ರೋಗಿ ತಲೆ ಮೇಲಿಂದ ಇಳೀತು. ನನ್ ಪ್ರಕಾರ ಯಾವ ಪದಕಕ್ಕಿಂತಲೂ ದೊಡ್ಡ ಗೌರವ ಇದು. ಆದ್ರೂ ತೀರದ ಹತ್ರ ಹಡಗಲ್ಲೇ ಇದ್ದು ನೆಲಕ್ಕೆ ಕಾಲಿಡದ ನೌಕಾಪಡೆಯವ್ರು 2019ರ ಕಾಯ್ದೆವರೆಗೂ ಕಾದ್ರು, ಪಟ್ಟಿಗೆ ಬಿಪಿ ಸೇರಿದ್ದು 2022ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಇರ್ಲೇ ಇಲ್ಲ. ಇನ್ನು ಇದನ್ನ ತಯಾರಿಸಿದ ಕಂಪನಿಗಳ ಮೇಲೆ ವಿಯೆಟ್ನಾಂ ಜನ ಹಾಕಿದ್ದ ಕೇಸನ್ನ ಅಮೆರಿಕದ ಕೋರ್ಟ್ 2005ರಲ್ಲಿ ವಜಾ ಮಾಡ್ತು, ಇದನ್ನ ಓದೋವಾಗ ನಿಜವಾಗ್ಲೂ ಸಂಕಟ ಆಗುತ್ತೆ.

ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧ ಸ್ಮಾರಕದ ಕಪ್ಪು ಗೋಡೆ ಮೇಲೆ ಆ ಯುದ್ಧದಲ್ಲಿ ಸತ್ತ, ಕಾಣೆಯಾದ 58,000ಕ್ಕೂ ಹೆಚ್ಚು ಅಮೆರಿಕನ್ನರ ಹೆಸರಿವೆ. ಏಜೆಂಟ್ ಆರೆಂಜಿಂದ ಆಮೇಲೆ ಸತ್ತವ್ರು ಅದ್ರಲ್ಲಿಲ್ಲ, ನಿಯಮ ಒಪ್ಪಲ್ಲ. ಅವ್ರಿಗಾಗಿ 2004ರಲ್ಲಿ ಹತ್ತಿರದಲ್ಲೇ ಒಂದು ಫಲಕ ಹಾಕಿದ್ರು, ಅದ್ರಲ್ಲಿ ಒಂದೂ ಹೆಸರಿಲ್ಲ. ಹೆಸರುಗಳನ್ನ ಪ್ರತಿ ಜೂನ್‌ನಲ್ಲಿ ಅಲ್ಲಿ ನಿಂತು ಬಾಯಲ್ಲಿ ಓದ್ತಾರೆ, ಮನೆಯವ್ರು ಕೂತು ಕೇಳಿಸ್ಕೊಳ್ತಾರೆ.